ಆಳಂದ ತಾಲೂಕಿನ ನಮ್ಮೂರ ಆರೋಗ್ಯ ಮಂದಿರ: ಗುಳಿಗಿ ಎಲ್ಲಾ ಕಡೀ ಸಿಗ್ತಾವ, ತಿಳಿಸಿ ಹೇಳೋರು ಇಲ್ಲಿ ಸಿಕ್ರು

ನಮ್ಮವ್ವಗ ಶುಗರ್ ಬಂದು ಆರು ವರ್ಷ ಆತ್ರಿ. ಕಲಬುರಗಿಯಾಗ ಒಂದ್ ಪ್ರೈವೇಟ್ ದವಾಖಾನಿಗಿ ತೋರಸ್ತಿದ್ವಿ, ಹೆಸರು ಬ್ಯಾಡ. ಡಾಕ್ಟರ್ ಶಾಣ್ಯಾರಿದ್ರು, ಖರೇ, ಆದ್ರ ಚೀಟಿ ಮ್ಯಾಲ 1-0-1 (ಮುಂಜಾನಿ ಒಂದು, ರಾತ್ರಿ ಒಂದು) ಅಂತ ಬರದು ಮುಂದಿನ ಪೇಶೆಂಟ್ ಕರದಬಿಡ್ತಿದ್ರು, ಮೆಡಿಕಲ್ ಅಂಗಡಿಯಾವ "ದಿನಕ್ಕ ಎರಡು" ಅಂದ, ಅವ್ವಗ ಓದಾಕ ಬರಲ್ಲ, ಒಂದಿನ ಎರಡೂ ಮುಂಜಾನಿನೇ ನುಂಗಿ ತೊಗರಿ ಹೊಲಕ್ಕ ಹೋಗ್ಯಾಳ. ರೊಟ್ಟಿ ಗಂಟು ಬಿಚ್ಚೋಕ್ಕಿಂತ ಮೊದ್ಲೇ ಮೈಯೆಲ್ಲ ಬೆವರು, ಕೈ ನಡುಕ, ಬದುವಿನ ಮ್ಯಾಲೇ ಕುಂತಬಿಟ್ಟಾಳ. ಬಾಜು ಹೊಲದವ್ರು ಬೆಲ್ಲ ತಿನಿಸಿ ನೀರು ಕುಡಿಸಿದ್ರು. ಅವ್ವ ನುಂಗಿದ ಆ ಶುಗರ್ ಗುಳಿಗಿ, ಗ್ಲಿಮಿಪಿರೈಡ್, ತಗೊಂಡು ಉಣ್ಣದೇ ಇದ್ರ ಶುಗರ್ ಕೆಳಗ ಬೀಳ್ತದ ಅನ್ನೋ ಒಂದ್ ಮಾತು ಆರು ವರ್ಷದಾಗ ನಮಗ ಯಾರೂ ಹೇಳಿರ್ಲಿಲ್ಲ.

ಆಮ್ಯಾಲ ಆಶಾ ಅಕ್ಕೋರು ನಮ್ಮೂರ ಸೆಂಟರಿಗಿ ಕರ್ಕೊಂಡ್ ಹೋದ್ರು. ಮೊದ್ಲ ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಅಂತಿದ್ರಲ್ಲ, 2023ರಾಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು ಬದ್ಲಾತು, ಅದೇ. ಎರಡು ಖೋಲಿ, ಒಂದ್ ಬೆಂಚು, ಬಿಪಿ ಮಷೀನು. ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಶುಗರ್ ಚೆಕ್ ಮಾಡಿ, ಇ-ಸಂಜೀವಿನಿ ಅನ್ನೋ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವಾದಾಗ ವಿಡಿಯೋ ಹಚ್ಚಿ ಡಾಕ್ಟರ್ ಕಡಿಂದ ಡೋಸ್ ಬದಲಿ ಮಾಡಿಸಿದ್ರು. ಆಮ್ಯಾಲ ಗುಳಿಗಿ ಪಟ್ಟಿ ಎಲ್ಲಾ ಟೇಬಲ್ ಮ್ಯಾಲ ಹರವಿ ಮಾರ್ಕರ್ ತಗೊಂಡ್ರು. ಗ್ಲಿಮಿಪಿರೈಡ್ ಪಟ್ಟಿ ಹಿಂದ ಬರೇ ಸೂರ್ಯ, ಬಾಜುಕ ಖಾಲಿ ತಾಟು ಬರದ್ರು, ಅಂದ್ರ ಮುಂಜಾನಿ ಉಣ್ಣೋಕ್ಕಿಂತ ಸ್ವಲ್ಪ ಮೊದ್ಲು. ಇನ್ನೊಂದು ಶುಗರ್ ಗುಳಿಗಿ ಮೆಟ್‌ಫಾರ್ಮಿನ್ ಹಿಂದ ಸೂರ್ಯ, ಚಂದ್ರ ಎರಡೂ, ತಾಟಿನಾಗ ರೊಟ್ಟಿ. "ಯವ್ವಾ, ಈಗ ನೀವ್ ನನಗ ಹೇಳ್ರಿ, ಯಾವ್ದು ಯಾವಾಗ ತಗೋತೀರಿ?" ಅಂದ್ರು. ಅವ್ವ ತಪ್ಪು ಹೇಳಿದ್ಲು, ಮತ್ತ ತಿಳಿಸಿದ್ರು, ಮತ್ತ ಕೇಳಿದ್ರು, ಮೂರನೇ ಸಲಕ್ಕ ಸರಿ ಬಂತು. ಸಿಟ್ಟು ಮಾಡ್ಕೊಳ್ಳಿಲ್ಲ ನೋಡ್ರಿ.

ಹಿಂಗ ಹೇಳಿಕೊಟ್ಟು ತಿರುಗಿ ಕೇಳೋದು ಎಷ್ಟ್ ದೊಡ್ಡ ಕೆಲಸ ಅಂತ ಬಾಂಗ್ಲಾದೇಶದವ್ರಿಗಿ ಗೊತ್ತದ. 1980ರಿಂದ ಅಲ್ಲಿನ ಬ್ರ್ಯಾಕ್ ಸಂಸ್ಥೆಯ ಹೆಣ್ಮಕ್ಕಳು ಮನಿಮನಿಗಿ ಹೋಗಿ, ಕೂಸಿಗಿ ಭೇದಿ ಹತ್ತಿದ್ರ ಮೂರು ಬೆರಳಿನ ಚಿಟಿಕಿ ಉಪ್ಪು, ಒಂದ್ ಹಿಡಿ ಬೆಲ್ಲ, ಅರ್ಧ ಲೀಟರ್ ನೀರು ಅಂತ ತಾಯಂದ್ರಿಗಿ ಕಲಿಸಿದ್ರು, ಸ್ವಲ್ಪ ದಿನ ಬಿಟ್ಟು ಬ್ಯಾರೆಯವ್ರು ಹೋಗಿ ಆ ತಾಯಿಗಿ ಎಷ್ಟ್ ನೆನಪದ ನೋಡಿ ಅದರ ಮ್ಯಾಲ ಕಲಿಸಿದಾಕಿಗಿ ಪಗಾರ. ನಮ್ಮ ದವಾಖಾನಿಗಳಾಗೂ ಹಂಗ ಲೆಕ್ಕ ಇಟ್ರ ಎಷ್ಟ್ ಜನ ಉಳೀತಾರ.

ತ್ರಾಸನೂ ಅದಾವ. ನೆಟ್‌ವರ್ಕ್ ಕಟ್ ಆಗಿ ವಿಡಿಯೋಕ್ಕ ಒಂದ್ ತಾಸು ಕುಂತೀವಿ. ಬಿಪಿ ಗುಳಿಗಿ ಒಂದ್ ತಿಂಗಳು ಖಾಲಿ ಇತ್ತು, ಹೊರಗ ರೊಕ್ಕ ಕೊಟ್ಟು ತಂದ್ವಿ. ಇಂಥ ಒಂದ್ ಸೆಂಟರಿಗಿ ಸರ್ಕಾರದ ಲೆಕ್ಕದಾಗ 5000 ಜನ, ಮೇಡಂ ಒಬ್ಬರೇ, ಅವ್ರು ಮೀಟಿಂಗಿಗಿ ಹೋದ ದಿನ ಡೇಟಾ ಎಂಟ್ರಿನೂ ಉಳೀತದ, ಪೇಶೆಂಟೂ ವಾಪಸ್. ಇನ್ನೊಬ್ಬರನ್ನ ಕೊಡ್ಬೇಕು, ಇದು ನನ್ನ ಕಳಕಳಿ ವಿನಂತಿ.

30 ವರ್ಷ ದಾಟಿದವ್ರಿಗಿ ಬಿಪಿ, ಶುಗರ್ ಫ್ರೀ ನೋಡ್ತಾರ. ಹೋಗೋರು ಹಳೇ ಚೀಟಿ, ಖಾಲಿ ಪಟ್ಟಿ ಎಲ್ಲಾ ಒಂದ್ ಚೀಲದಾಗ ಹಾಕೊಂಡ್ ಹೋಗ್ರಿ, ಮಾರ್ಕರ್ ಅವ್ರ ಹತ್ರನೇ ಇರ್ತದ.