ಚೆಕ್‌ಔಟ್‌ನಲ್ಲಿ ಗಿರಾಕಿ ನಿಲ್ಲುವುದೆಲ್ಲಿ: ಅಳೆಯುವ ಮೂರು ವಿಧಾನಗಳ ಹೋಲಿಕೆ

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಕಾಳುಮೆಣಸು, ಜೋನಿಬೆಲ್ಲ ಇವುಗಳನ್ನು ಶಿರಸಿಯಿಂದ ಕೊರಿಯರ್ ಮೂಲಕ ಕಳುಹಿಸುವ ಒಂದು ಸಣ್ಣ ಆನ್‌ಲೈನ್ ಅಂಗಡಿಯ ಲೆಕ್ಕವನ್ನೂ ಜಾಲತಾಣವನ್ನೂ ನಾನು ನೋಡಿಕೊಳ್ಳುತ್ತೇನೆ. ಇಂಥ ಅಂಗಡಿಗೆ ಜಾಹೀರಾತಿಗೆ ಸುರಿಯುವಷ್ಟು ಹಣವಿರುವುದಿಲ್ಲ. ಆದ್ದರಿಂದ ಬಂದ ಗಿರಾಕಿಗಳಲ್ಲಿ ಎಷ್ಟು ಮಂದಿ ಹಣ ಪಾವತಿಸುವವರೆಗೆ ತಲುಪುತ್ತಾರೆ, ತಲುಪದವರು ಯಾವ ಹಂತದಲ್ಲಿ ನಿಲ್ಲುತ್ತಾರೆ ಎಂಬುದನ್ನು ಅರಿಯುವುದೇ ವ್ಯಾಪಾರವನ್ನು ಹೆಚ್ಚಿಸುವ ಅತ್ಯಂತ ಅಗ್ಗದ ದಾರಿ. ಇದಕ್ಕಾಗಿ ಮೂರು ವಿಧಾನಗಳನ್ನು ಒಂದೇ ಅಂಗಡಿಯ ಮೇಲೆ ಜೊತೆಜೊತೆಯಾಗಿ ಬಳಸಿ ನೋಡಿದ್ದೇನೆ. ಮೊದಲನೆಯದು ಗೂಗಲ್ ಅನಲಿಟಿಕ್ಸ್ 4ರ ಫನಲ್ ವರದಿ, ಅಂದರೆ ಹಂತದಿಂದ ಹಂತಕ್ಕೆ ಎಷ್ಟು ಮಂದಿ ಉಳಿಯುತ್ತಾರೆ ಎಂಬ ಲೆಕ್ಕ. ಎರಡನೆಯದು ಮೈಕ್ರೋಸಾಫ್ಟ್ ಕ್ಲಾರಿಟಿಯ ಸೆಷನ್ ರೆಕಾರ್ಡಿಂಗ್, ಅಂದರೆ ಗಿರಾಕಿ ಪುಟದಲ್ಲಿ ಓಡಾಡಿದ್ದನ್ನು ಮರಳಿ ತೋರಿಸುವ ದಾಖಲೆ. ಮೂರನೆಯದು ಅಂಗಡಿಯದೇ ಆರ್ಡರ್ ಪಟ್ಟಿಯನ್ನು ಪೇಮೆಂಟ್ ಗೇಟ್‌ವೇಯ (ಗಿರಾಕಿಯ ಹಣವನ್ನು ಅಂಗಡಿಗೆ ತಲುಪಿಸುವ ಸೇವೆಯ) ದಾಖಲೆಯೊಂದಿಗೆ ತಾಳೆ ನೋಡುವ ಎಕ್ಸೆಲ್ ಹಾಳೆ. ಮೂರಕ್ಕೂ ಚಂದಾ ಕಟ್ಟಬೇಕಾಗಿಲ್ಲ, ಖರ್ಚಾಗುವುದು ಸಮಯ ಮಾತ್ರ.

ಹೋಲಿಕೆಗೆ ಮೊದಲು ಲೆಕ್ಕದ ಸ್ವರೂಪವನ್ನು ಸ್ಪಷ್ಟಪಡಿಸಬೇಕು. ಉದಾಹರಣೆಗೆಂದು ಕಲ್ಪಿಸಿಕೊಂಡರೆ, 1,000 ಮಂದಿ ಅಂಗಡಿಯ ಪುಟಕ್ಕೆ ಬಂದು, 120 ಮಂದಿ ವಸ್ತುವನ್ನು ಕಾರ್ಟಿಗೆ ಹಾಕಿ, 60 ಮಂದಿ ಚೆಕ್‌ಔಟ್ (ವಿಳಾಸ ತುಂಬಿ ಹಣ ಕಟ್ಟುವ ಹಂತ) ಆರಂಭಿಸಿ, 36 ಮಂದಿ ಪಾವತಿಯ ಗುಂಡಿ ಒತ್ತಿ, ಕೊನೆಗೆ 24 ಮಂದಿಯ ಹಣ ಬಂದಿದೆ ಎಂದಿಟ್ಟುಕೊಳ್ಳೋಣ. ಒಟ್ಟು ಪರಿವರ್ತನೆ ದರ, ಅಂದರೆ ಬಂದವರಲ್ಲಿ ಕೊಂಡವರ ಪಾಲು, ಶೇ. 2.4. ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಯಾವ ನಿರ್ಧಾರವನ್ನೂ ಮಾಡಲಾಗದು. ಹಂತ ಹಂತದ ದರಗಳನ್ನು ಬರೆದಾಗ ಮಾತ್ರ ಕೆಲಸದ ಜಾಗ ಕಾಣುತ್ತದೆ: ಕಾರ್ಟಿನವರಲ್ಲಿ ಅರ್ಧದಷ್ಟು ಮಂದಿ ಚೆಕ್‌ಔಟಿಗೆ ಬಂದಿದ್ದಾರೆ, ಅವರಲ್ಲಿ ಶೇ. 60 ಮಂದಿ ಗುಂಡಿ ಒತ್ತಿದ್ದಾರೆ, ಹಾಗೆ ಒತ್ತಿದವರಲ್ಲಿ ಮೂರನೆಯ ಒಂದು ಭಾಗದ ಹಣ ಬಂದೇ ಇಲ್ಲ. ಈ ಕೊನೆಯ ಹಂತವನ್ನಷ್ಟೇ ಸರಿಪಡಿಸಿ 24ನ್ನು 30ಕ್ಕೆ ಏರಿಸಿದರೆ, ಹೊಸದಾಗಿ ಒಬ್ಬ ಗಿರಾಕಿಯನ್ನೂ ಕರೆತರದೆ ಆರ್ಡರುಗಳು ಶೇ. 25ರಷ್ಟು ಹೆಚ್ಚುತ್ತವೆ. ಕೊನೆಯ ಹಂತಕ್ಕೆ ಬಂದವರು ಕೊಳ್ಳಲು ಈಗಾಗಲೇ ಮನಸ್ಸು ಮಾಡಿದವರಾದ್ದರಿಂದ, ಅಳತೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬರುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೂಗಲ್ ಅನಲಿಟಿಕ್ಸ್ 4 ಈ ಹಂತಗಳ ಆಕಾರವನ್ನು ಮೂರರಲ್ಲಿ ಅತ್ಯಂತ ಚೆನ್ನಾಗಿ ತೋರಿಸುತ್ತದೆ. ವಸ್ತು ನೋಡಿದ್ದು, ಕಾರ್ಟಿಗೆ ಹಾಕಿದ್ದು, ಚೆಕ್‌ಔಟ್ ಆರಂಭಿಸಿದ್ದು, ವಿಳಾಸ ಕೊಟ್ಟದ್ದು, ಪಾವತಿ ವಿಧಾನ ಆರಿಸಿದ್ದು, ಖರೀದಿ ಮುಗಿಸಿದ್ದು ಎಂಬ ಘಟನೆಗಳಿಗೆ ಗೂಗಲ್ ನಿಗದಿತ ಹೆಸರುಗಳನ್ನೇ ಶಿಫಾರಸು ಮಾಡಿದೆ. ಅವನ್ನು ಜಾಲತಾಣದಲ್ಲಿ ಅಳವಡಿಸಿದರೆ ಹತ್ತು ಹಂತಗಳವರೆಗಿನ ಫನಲ್ ಕಟ್ಟಬಹುದು. ಮೊಬೈಲ್ ಮತ್ತು ಕಂಪ್ಯೂಟರ್, ಬೆಂಗಳೂರು ಮತ್ತು ಹುಬ್ಬಳ್ಳಿ, ಇನ್‌ಸ್ಟಾಗ್ರಾಮ್‌ನಿಂದ ಬಂದವರು ಮತ್ತು ಗೂಗಲ್ ಹುಡುಕಾಟದಿಂದ ಬಂದವರು ಎಂದು ಬೇರ್ಪಡಿಸಿ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಈ ಬೇರ್ಪಡಿಸುವ ಅನುಕೂಲ ಉಳಿದೆರಡರಲ್ಲಿ ಇಷ್ಟು ಸುಲಭವಾಗಿಲ್ಲ. ಬಳಸುವವರು ಮೊದಲ ದಿನವೇ ಮಾಡಬೇಕಾದ ಒಂದು ಕೆಲಸವಿದೆ: ಈ ವಿಶ್ಲೇಷಣೆಗೆ ಬೇಕಾದ ದತ್ತಾಂಶದ ಉಳಿಕೆ ಅವಧಿ ತಾನಾಗಿ 2 ತಿಂಗಳಿಗೆ ನಿಗದಿಯಾಗಿರುತ್ತದೆ, ಅದನ್ನು ಸೆಟ್ಟಿಂಗ್‌ನಲ್ಲಿ 14 ತಿಂಗಳಿಗೆ ಬದಲಾಯಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಈ ವರ್ಷದ ಮಿಡಿ ಕಾಲವನ್ನು ಹಿಂದಿನ ವರ್ಷದ ಮಿಡಿ ಕಾಲದೊಂದಿಗೆ ಹೋಲಿಸುವುದು ಸಾಧ್ಯವೇ ಆಗುವುದಿಲ್ಲ.

ಆದರೆ ಈ ವರದಿಯ ಕೊನೆಯ ಮೆಟ್ಟಿಲನ್ನು ನಾನು ನಂಬುವುದಿಲ್ಲ, ಅದಕ್ಕೆ ಕಾರಣ ಯುಪಿಐ ನಡೆಯುವ ರೀತಿ. ಗಿರಾಕಿ ಮೊಬೈಲ್ ಬ್ರೌಸರಿನಲ್ಲಿ ಗುಂಡಿ ಒತ್ತಿದಾಗ ಯುಪಿಐ ಆ್ಯಪ್ ತೆರೆದುಕೊಳ್ಳುತ್ತದೆ, ಅಲ್ಲಿ ಪಿನ್ ಹಾಕಿ ಹಣ ಕಳುಹಿಸುತ್ತಾನೆ, ಹಣ ಹೋದ ಸದ್ದು ಕೇಳಿದೊಡನೆ ಫೋನನ್ನು ಕೆಳಗಿಡುತ್ತಾನೆ. ಬ್ರೌಸರಿಗೆ ಹಿಂದಿರುಗಿ ಧನ್ಯವಾದದ ಪುಟ ತೆರೆದುಕೊಳ್ಳುವವರೆಗೆ ಕಾಯುವ ಅಗತ್ಯ ಅವನಿಗಿಲ್ಲ. ಖರೀದಿಯ ಘಟನೆ ಆ ಪುಟದಲ್ಲಿ ದಾಖಲಾಗುವಂತೆ ಅಳವಡಿಸಿದ್ದರೆ ಅನಲಿಟಿಕ್ಸ್ ಅದನ್ನು ಕೈಬಿಟ್ಟ ಖರೀದಿ ಎಂದೇ ಎಣಿಸುತ್ತದೆ. ಗೇಟ್‌ವೇಯ ಸರ್ವರ್ ಮಾತ್ರ ಹಣ ಬಂದ ಸುದ್ದಿಯನ್ನು ವೆಬ್‌ಹುಕ್ ಮೂಲಕ ನೇರವಾಗಿ ಅಂಗಡಿಯ ಸರ್ವರಿಗೆ ತಿಳಿಸುತ್ತದೆ, ಆರ್ಡರ್ ಪಟ್ಟಿಯಲ್ಲಿ ಅದು ಪಾವತಿಯಾದ ಆರ್ಡರ್ ಆಗಿ ಕಾಣುತ್ತದೆ. ಜೊತೆಗೆ, ಈ ವರದಿ ಮನುಷ್ಯರನ್ನಲ್ಲ, ಬ್ರೌಸರುಗಳನ್ನು ಎಣಿಸುತ್ತದೆ ಎಂಬುದನ್ನು ನೆನಪಿಡಬೇಕು. ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರಿನಲ್ಲಿ ಹಪ್ಪಳ ನೋಡಿ, ಸಂಜೆ ಮನೆಯ ಲ್ಯಾಪ್‌ಟಾಪಿನಲ್ಲಿ ಕೊಂಡ ಒಬ್ಬರೇ ಗಿರಾಕಿ ಅಲ್ಲಿ ಇಬ್ಬರಾಗುತ್ತಾರೆ, ಮೊದಲಿನವರು ಬಿಟ್ಟುಹೋದವರ ಲೆಕ್ಕಕ್ಕೆ ಸೇರುತ್ತಾರೆ. ಫನಲ್ಲನ್ನು ಮುಚ್ಚಿದ ಮಾದರಿಯಲ್ಲಿ ಕಟ್ಟಿದ್ದರೆ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಕೊಂಡಿಯಿಂದ ನೇರವಾಗಿ ಕಾರ್ಟಿಗೆ ಬಂದವರು ಮೊದಲ ಹಂತ ತುಳಿಯದ ಕಾರಣಕ್ಕೆ ಲೆಕ್ಕದಲ್ಲೇ ಬರುವುದಿಲ್ಲ.

ಎಕ್ಸೆಲ್ ಹಾಳೆಯ ಬಲ ಇರುವುದು ಇದೇ ಕೊನೆಯ ಮೆಟ್ಟಿಲಿನಲ್ಲಿ. ನಮ್ಮ ಅಂಗಡಿ ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶವಾದ ವೂಕಾಮರ್ಸ್‌ನಲ್ಲಿ, ಅದರ ಹಳೆಯ ಮಾದರಿಯ ಚೆಕ್‌ಔಟ್ ಪುಟದೊಂದಿಗೆ ನಡೆಯುತ್ತದೆ. ಗಿರಾಕಿ ಆರ್ಡರ್ ಗುಂಡಿ ಒತ್ತಿದ ಕ್ಷಣಕ್ಕೆ ಒಂದು ಸಾಲು ಸೃಷ್ಟಿಯಾಗುತ್ತದೆ, ಹಣ ಬರುವವರೆಗೆ ಅದು ಬಾಕಿ ಎಂದೂ, ಬಂದ ಮೇಲೆ ಪ್ರಕ್ರಿಯೆಯಲ್ಲಿದೆ ಎಂದೂ, ವಿಫಲವಾದರೆ ವಿಫಲ ಎಂದೂ ಗುರುತಾಗುತ್ತದೆ. ಅದನ್ನು ಗೇಟ್‌ವೇಯ ದಾಖಲೆಯ ಪಕ್ಕದಲ್ಲಿಟ್ಟರೆ ವೈಫಲ್ಯದ ಕಾರಣವೂ ಸಿಗುತ್ತದೆ. ಬ್ಯಾಂಕುಗಳ ಯುಪಿಐ ವೈಫಲ್ಯವನ್ನು ಪ್ರಕಟಿಸುವಾಗ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಅನುಸರಿಸುವ ವಿಭಾಗವನ್ನೇ ನಾನೂ ಎರಡು ಕಾಲಂಗಳಾಗಿ ಇಟ್ಟುಕೊಂಡಿದ್ದೇನೆ: ಬ್ಯಾಂಕಿನ ಅಥವಾ ಜಾಲದ ತೊಂದರೆಯಿಂದಾದ ತಾಂತ್ರಿಕ ವೈಫಲ್ಯ ಒಂದು, ಪಿನ್ ತಪ್ಪಿದ್ದು, ಖಾತೆಯಲ್ಲಿ ಹಣವಿಲ್ಲದ್ದು, ಮಿತಿ ಮೀರಿದ್ದು ಮುಂತಾದವು ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ. ತಾಂತ್ರಿಕ ವೈಫಲ್ಯವಾದವರಿಗೆ ಅದೇ ಆರ್ಡರಿನ ಪಾವತಿ ಕೊಂಡಿಯನ್ನು ಸ್ವಲ್ಪ ಹೊತ್ತಿನ ನಂತರ ಮತ್ತೆ ಕಳುಹಿಸಿದರೆ ಹೆಚ್ಚಿನವರು ಮುಗಿಸುತ್ತಾರೆ. ಇದು ನಾನು ಕೈಗೊಂಡ ಎಲ್ಲ ಕ್ರಮಗಳಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟ ಕ್ರಮ. ಪಾವತಿಯಾಗದ ಆರ್ಡರುಗಳನ್ನು ವೂಕಾಮರ್ಸ್ ತಾನಾಗಿ 60 ನಿಮಿಷಕ್ಕೆ ರದ್ದುಗೊಳಿಸುವಂತೆ ನಿಗದಿಯಾಗಿರುವುದರಿಂದ, ಆ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಅಗತ್ಯ. ಈ ಹಾಳೆಯ ಮಿತಿಯೂ ಅಷ್ಟೇ ಸ್ಪಷ್ಟ: ಗುಂಡಿ ಒತ್ತುವ ಮೊದಲೇ ಹೊರಟವರ ಬಗ್ಗೆ ಅದಕ್ಕೆ ಏನೂ ತಿಳಿದಿರುವುದಿಲ್ಲ.

ಆ ನಡುವಿನ ಜಾಗಕ್ಕೆ, ಅಂದರೆ ಚೆಕ್‌ಔಟ್ ಆರಂಭಿಸಿದ್ದಕ್ಕೂ ಗುಂಡಿ ಒತ್ತಿದ್ದಕ್ಕೂ ನಡುವೆ, ಕ್ಲಾರಿಟಿಗೆ ಸಮನಾದದ್ದು ಇಲ್ಲ. ಗಿರಾಕಿಯ ಬೆರಳು ಎಲ್ಲಿ ಓಡಾಡಿತು, ಎಲ್ಲಿ ನಿಂತಿತು, ಸ್ಪಂದಿಸದ ಜಾಗವನ್ನು ಎಷ್ಟು ಸಲ ಸಿಟ್ಟಿನಿಂದ ಒತ್ತಿತು ಎಂಬುದನ್ನು ಅದು ಮರಳಿ ತೋರಿಸುತ್ತದೆ. ಬರೆದ ಅಕ್ಷರಗಳು ಮಸುಕಾಗಿರುತ್ತವೆ, ಅವು ಹಾಗೆಯೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೂ ಗಿರಾಕಿಯ ವಿಳಾಸವನ್ನು ಹೀಗೆ ಇಣುಕಿ ನೋಡುವ ಹಕ್ಕು ಅಂಗಡಿಗಿಲ್ಲ. ಮಸುಕಿನ ಹಿಂದೆಯೂ ಬೇಕಾದುದು ಕಾಣುತ್ತದೆ. ನಮ್ಮ ಫಾರಂನಲ್ಲಿ ಮನೆ ಸಂಖ್ಯೆ ಮತ್ತು ರಸ್ತೆಯ ಹೆಸರು ಕಡ್ಡಾಯವಾಗಿದ್ದವು. ಬೆಂಗಳೂರಿನ ಗಿರಾಕಿಗೆ ಅದು ತೊಡಕೇ ಅಲ್ಲ. ಆದರೆ ಸಿದ್ದಾಪುರ, ಯಲ್ಲಾಪುರ, ಅಂಕೋಲಾ ಕಡೆಯ ಹಳ್ಳಿಯಲ್ಲಿರುವವರ ವಿಳಾಸವೆಂದರೆ ಮನೆತನದ ಹೆಸರು, ಊರು, ಅಂಚೆ, ತಾಲೂಕು. ಅಲ್ಲಿ ಬರೆಯಲು ರಸ್ತೆಗೆ ಹೆಸರೂ ಇಲ್ಲ, ಮನೆಗೆ ಬಳಕೆಯಲ್ಲಿರುವ ಸಂಖ್ಯೆಯೂ ಇಲ್ಲ. ಊರಿನಲ್ಲಿರುವ ತಂದೆತಾಯಿಗಳಿಗೆ ಮಕ್ಕಳು ನಗರದಿಂದ ಕಳುಹಿಸುವ ಆರ್ಡರುಗಳೂ ಇದೇ ಕಡೆ ನಿಲ್ಲುತ್ತಿದ್ದುದನ್ನು ರೆಕಾರ್ಡಿಂಗ್ ತೋರಿಸಿತು: ಆ ಚೌಕದಲ್ಲಿ ಏನೋ ಬರೆಯುವುದು, ಅಳಿಸುವುದು, ಮೇಲಕ್ಕೆ ಹೋಗುವುದು, ಮತ್ತೆ ಕೆಂಪು ಅಕ್ಷರದ ಸೂಚನೆ ಬರುವುದು, ಪುಟ ಮುಚ್ಚುವುದು. ವಿಳಾಸ ಕೊಟ್ಟ ಹಂತದಲ್ಲಿ ಜನ ಕಡಿಮೆಯಾಗುತ್ತಾರೆ ಎಂದಷ್ಟೇ ಅನಲಿಟಿಕ್ಸ್ ಹೇಳಿತ್ತು. ಹಾಳೆಯಲ್ಲಿ ಅವರ ಸುಳಿವೇ ಇರಲಿಲ್ಲ. ಈಗ ಪಿನ್‌ಕೋಡನ್ನು ಮೊದಲು ಕೇಳುತ್ತೇವೆ, 581401 ಎಂದೊಡನೆ ಶಿರಸಿ ಮತ್ತು ಉತ್ತರ ಕನ್ನಡ ತಾನಾಗಿ ತುಂಬಿಕೊಳ್ಳುತ್ತವೆ, ಉಳಿದ ವಿಳಾಸಕ್ಕೆ ಒಂದೇ ದೊಡ್ಡ ಚೌಕವಿದೆ.

ಮೊಬೈಲ್ ಸಂಖ್ಯೆಯ ಚೌಕದ ಸಮಸ್ಯೆಯೂ ಇದೇ ರೀತಿ ಸಿಕ್ಕಿತು. ಹತ್ತೇ ಅಂಕೆಗಳಿಗೆ ಮಿತಿಗೊಳಿಸಿದ ಚೌಕಕ್ಕೆ ಫೋನು ದೇಶದ ಸಂಕೇತವನ್ನೂ ಸೇರಿಸಿ ತುಂಬಿದರೆ ಕೊನೆಯ ಅಂಕೆಗಳು ಕತ್ತರಿಸಿಹೋಗುತ್ತವೆ.

ಕ್ಲಾರಿಟಿಯ ದೋಷವೆಂದರೆ ಅದು ನೋಡುವವರ ಸಮಯವನ್ನು ಬಹಳ ಬೇಡುತ್ತದೆ, ಮತ್ತು ಮನಸ್ಸಿಗೆ ನಾಟಿದ ಒಂದು ದೃಶ್ಯವನ್ನೇ ಎಲ್ಲರ ಕಥೆ ಎಂದು ನಂಬಿಸಿಬಿಡುತ್ತದೆ. ಸಾಮಾನ್ಯ ರೆಕಾರ್ಡಿಂಗ್‌ಗಳು 30 ದಿನ ಮಾತ್ರ ಉಳಿಯುವುದರಿಂದ ಹಳೆಯ ಕಾಲದೊಂದಿಗೆ ಹೋಲಿಕೆಯೂ ಆಗದು. ಆದ್ದರಿಂದ ಯಾವ ಹಂತವನ್ನು ನೋಡಬೇಕೆಂಬುದು ಮೊದಲೇ ಗೊತ್ತಿದ್ದಾಗ ಮಾತ್ರ ಅದನ್ನು ತೆರೆಯುವುದು ಉಚಿತ.

ಮೂರೂ ವಿಧಾನಗಳನ್ನು ನಿಜವಾಗಿ ಒರೆಗೆ ಹಚ್ಚಿದ್ದು ಸಾಗಣೆ ವೆಚ್ಚದ ಪ್ರಶ್ನೆ. ಕಾರ್ಟ್ ತೊರೆಯುವವರ ಪ್ರಮಾಣ ಸರಾಸರಿ ಶೇ. 70ರ ಆಸುಪಾಸಿನಲ್ಲಿದೆ ಎಂದು ಹೇಳುವ ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ, ಅದಕ್ಕೆ ಜನರು ಕೊಡುವ ಕಾರಣಗಳಲ್ಲಿ ಹೆಚ್ಚುವರಿ ವೆಚ್ಚವನ್ನೇ ಮೊದಲಿಗೆ ಇಡುತ್ತದೆ. ನಮ್ಮ ಸರಕಿನಲ್ಲಿ ಇದು ಇನ್ನೂ ತೀವ್ರ. ಗಾಜಿನ ಬಾಟಲಿಯ ಉಪ್ಪಿನಕಾಯಿ ತೂಕದಿಂದ ದುಬಾರಿಯಾದರೆ, ಹಪ್ಪಳ ಗಾತ್ರದಿಂದ ದುಬಾರಿಯಾಗುತ್ತದೆ: ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವ ಲೆಕ್ಕದಲ್ಲಿ 30, 30, 20ರ ಹಗುರ ಪೆಟ್ಟಿಗೆಯೂ 3.6 ಕಿಲೋ ಆಗಿಬಿಡುತ್ತದೆ. ಈ ವೆಚ್ಚ ಚೆಕ್‌ಔಟಿನ ಕೊನೆಯಲ್ಲಿ ಕಾಣಿಸುತ್ತಿದ್ದುದನ್ನು ವಸ್ತುವಿನ ಪುಟಕ್ಕೇ ತಂದು, ಪಿನ್‌ಕೋಡ್ ಹಾಕಿದರೆ ಅಲ್ಲಿಯೇ ತಿಳಿಯುವಂತೆ ಮಾಡಿದೆವು. ಅನಲಿಟಿಕ್ಸ್‌ನಲ್ಲಿ ಚೆಕ್‌ಔಟ್ ಮುಗಿಸುವವರ ದರ ಎದ್ದು ಕಾಣುವಂತೆ ಏರಿತು. ಆದರೆ ಅದೇ ಹೊತ್ತಿಗೆ ಚೆಕ್‌ಔಟ್ ಆರಂಭಿಸುವವರ ಸಂಖ್ಯೆ ಇಳಿದಿತ್ತು. ವೆಚ್ಚವನ್ನು ಒಪ್ಪದವರು ಮೊದಲೇ ಹೊರಟಿದ್ದರು, ಛೇದ ಚಿಕ್ಕದಾದ್ದರಿಂದ ಭಾಗಲಬ್ಧ ದೊಡ್ಡದಾಗಿತ್ತು. ಪಾವತಿಯಾದ ಆರ್ಡರುಗಳನ್ನು ಒಟ್ಟು ಭೇಟಿಗಳಿಂದ ಭಾಗಿಸಿದಾಗ ಸುಧಾರಣೆ ಇದ್ದದ್ದು ನಿಜ, ಆದರೆ ಅದು ಮೆಟ್ಟಿಲಿನ ದರ ತೋರಿಸಿದುದಕ್ಕಿಂತ ಬಹಳ ಚಿಕ್ಕದು. ಹಾಳೆ ಇಲ್ಲದಿದ್ದರೆ ಈ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಯಾವ ಬದಲಾವಣೆಯನ್ನಾದರೂ ಅದು ತಟ್ಟಿದ ಮೆಟ್ಟಿಲಿನಲ್ಲಿ ಒಮ್ಮೆ, ಇಡೀ ಏಣಿಯಲ್ಲಿ ಇನ್ನೊಮ್ಮೆ ಅಳೆಯಬೇಕೆಂಬುದನ್ನು ನಾನು ಅಂದಿನಿಂದ ನಿಯಮವಾಗಿಸಿಕೊಂಡಿದ್ದೇನೆ.

ಎರಡು ಚೆಕ್‌ಔಟ್ ಪುಟಗಳನ್ನು ಗಿರಾಕಿಗಳಿಗೆ ಹಂಚಿ ತೋರಿಸಿ ಗೆದ್ದದ್ದನ್ನು ಉಳಿಸಿಕೊಳ್ಳುವ ಎ/ಬಿ ಪರೀಕ್ಷೆಯನ್ನು ಹಲವರು ಸೂಚಿಸುತ್ತಾರೆ. ನಮ್ಮಂಥ ಅಂಗಡಿಗೆ ಅದು ಹೊಂದುವುದಿಲ್ಲ. ಶೇ. 40ರಿಂದ ಶೇ. 45ಕ್ಕೆ ಏರಿದ್ದು ಆಕಸ್ಮಿಕವಲ್ಲವೆಂದು ಸಾಮಾನ್ಯ ಸಂಖ್ಯಾಶಾಸ್ತ್ರೀಯ ಮಾನದಂಡದಲ್ಲಿ ತೋರಿಸಲು ಪ್ರತಿ ಪುಟಕ್ಕೂ ಸುಮಾರು 1,500 ಚೆಕ್‌ಔಟ್‌ಗಳು ಬೇಕು. ಕೇವಲ 100 ಚೆಕ್‌ಔಟ್‌ಗಳಿದ್ದರೆ ಶೇ. 40 ಎಂಬ ಸಂಖ್ಯೆ ಶೇ. 30 ಮತ್ತು 50ರ ನಡುವೆ ಎಲ್ಲಿಯಾದರೂ ಇರಬಹುದು. ತಿಂಗಳನ್ನು ತಿಂಗಳಿಗೆ ಹೋಲಿಸುವುದೂ ಸರಿಯಲ್ಲ. ಬೇಸಿಗೆಯಲ್ಲಿ ಹೊಸ ಮಿಡಿ ಉಪ್ಪಿನಕಾಯಿಗಾಗಿ ಕಾದು ಬಂದವರು ದರ ನೋಡದೆ ಕೊಳ್ಳುತ್ತಾರೆ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳು ಕುಸಿದು ಸಾಗಣೆ ತಡವಾದಾಗ ತಲುಪುವ ದಿನಾಂಕ ನೋಡಿಯೇ ಹಿಂದೆ ಸರಿಯುತ್ತಾರೆ. ಅಲ್ಲಿ ಬದಲಾದದ್ದು ಚೆಕ್‌ಔಟ್ ಪುಟವಲ್ಲ.

ಒಂದನ್ನೇ ಆರಿಸಿಕೊಳ್ಳಬೇಕಾದವರಿಗೆ, ಅಂದರೆ ದಿನಕ್ಕೆ ಬೆರಳೆಣಿಕೆಯ ಆರ್ಡರುಗಳಿರುವ ಅಂಗಡಿಗೆ, ನಾನು ಎಕ್ಸೆಲ್ ಹಾಳೆಯನ್ನೇ ಹೇಳುತ್ತೇನೆ. ಅದರಲ್ಲಿರುವ ಪ್ರತಿ ಸಾಲಿಗೂ ಒಬ್ಬ ಗಿರಾಕಿಯಿದ್ದಾರೆ, ಅವರಿಗೆ ಫೋನ್ ಮಾಡಿ ಕೇಳಬಹುದು. ಆರ್ಡರುಗಳು ಹೆಚ್ಚಿ, ಗಿರಾಕಿಗಳು ಬೇರೆ ಬೇರೆ ದಾರಿಗಳಿಂದ ಬರತೊಡಗಿದ ಮೇಲೆ ಅನಲಿಟಿಕ್ಸ್ ಬೇಕೇ ಬೇಕು, ಖರೀದಿಯ ಘಟನೆಯನ್ನು ಸರ್ವರಿನಿಂದಲೇ ಕಳುಹಿಸುವ ವ್ಯವಸ್ಥೆ ಮಾಡಿಕೊಂಡರೆ ಅದರ ಕೊನೆಯ ಮೆಟ್ಟಿಲೂ ನಂಬಲರ್ಹವಾಗುತ್ತದೆ.

ಹಾಳೆಗೆ ಇನ್ನೆರಡು ಕಾಲಂಗಳನ್ನು ಸೇರಿಸಲೇಬೇಕು. ಒಂದು ವಾಟ್ಸ್ಆ್ಯಪ್ ಆರ್ಡರಿನದು: ಚೆಕ್‌ಔಟಿನಲ್ಲಿ ನಿಂತು, ಅಂಗಡಿಯ ನಂಬರಿಗೆ ಸಂದೇಶ ಕಳುಹಿಸಿ ಕೊಂಡವರು ಬಿಟ್ಟುಹೋದವರಲ್ಲ. ಇನ್ನೊಂದು ತಲುಪಿತು ಎಂಬ ಕಾಲಂ. ಕ್ಯಾಶ್ ಆನ್ ಡೆಲಿವರಿ ತೆರೆದಾಗ ಚೆಕ್‌ಔಟಿನ ದರ ಖಂಡಿತವಾಗಿ ಏರುತ್ತದೆ, ಏಕೆಂದರೆ ಪಾವತಿಯ ಮೆಟ್ಟಿಲೇ ಅಲ್ಲಿ ಇಲ್ಲವಾಗುತ್ತದೆ. ಆದರೆ ಬಾಗಿಲಲ್ಲಿ ನಿರಾಕರಿಸಿದ ಪೆಟ್ಟಿಗೆ ಹೋಗುವ ವೆಚ್ಚದ ಜೊತೆಗೆ ಬರುವ ವೆಚ್ಚವನ್ನೂ ಅಂಗಡಿಯ ಮೇಲೆ ಹೊರಿಸಿ, ಕೆಲವೊಮ್ಮೆ ಒಡೆದ ಬಾಟಲಿಯೊಂದಿಗೆ ಹಿಂದಿರುಗುತ್ತದೆ. ತಲುಪಿದ ಆರ್ಡರುಗಳನ್ನು ಎಣಿಸಿ ಹೋಲಿಸಿದಾಗ ಯುಪಿಐ ಸ್ಪಷ್ಟವಾಗಿ ಮುಂದಿತ್ತು. ಆದ್ದರಿಂದ ಈಗ ಸಾಗಣೆ ವೆಚ್ಚವನ್ನಷ್ಟೇ ಮುಂಗಡವಾಗಿ ಯುಪಿಐ ಮೂಲಕ ಪಡೆದು, ವಸ್ತುವಿನ ಬೆಲೆಯನ್ನು ಬಾಗಿಲಲ್ಲಿ ಕೊಡುವ ಅವಕಾಶವನ್ನು ಉಳಿಸಿಕೊಂಡಿದ್ದೇವೆ, ಮತ್ತು ಅದಕ್ಕೆ ಹಾಳೆಯಲ್ಲಿ ಪ್ರತ್ಯೇಕ ಕಾಲಂ ಇದೆ.