ಠಸ್ಸೆ, ಸಹಿ, ಸ್ಟಿಕರ್, ಚೀಟಿ
ಪುಸ್ತಕ ನನ್ನದೆಂದು ಗುರುತು ಹಾಕಲು ಮಾಡಿಸಿದ ನನ್ನ ಮೊದಲ ರಬ್ಬರ್ ಠಸ್ಸೆಯಲ್ಲಿ ಹೆಸರಿನ ಕೆಳಗೆ ‘ಗುಲ್ಬರ್ಗಾ’ ಎಂದಿತ್ತು. 2014ರ ನವೆಂಬರ್ 1ರಂದು ಊರು ಅಧಿಕೃತವಾಗಿ ಕಲಬುರಗಿಯಾಯಿತು, ಠಸ್ಸೆ ಮೂಲೆ ಸೇರಿತು. ಬೇಸರವೇನೂ ಆಗಲಿಲ್ಲ. ಅಷ್ಟರಲ್ಲಿ ಅದು ನನ್ನಲ್ಲಿದ್ದ ಒಂದು ಒಳ್ಳೆಯ ಮೊದಲ ಮುದ್ರಣವನ್ನು ಕೆಡಿಸಿಯಾಗಿತ್ತು. ಶೀರ್ಷಿಕೆ ಪುಟಕ್ಕೆ ಒತ್ತಿದ ನೇರಳೆ ಮಸಿ ಕಾಗದದೊಳಗೆ ಇಳಿದು, ಹಿಂಬದಿಯಲ್ಲಿ ಮುದ್ರಣದ ಇಸವಿಯ ಮೇಲೆಯೇ ನನ್ನ ಹೆಸರು ಕನ್ನಡಿಯಲ್ಲಿ ಕಂಡಂತೆ ಮೂಡಿತ್ತು. ಹಳೆಯ ಪುಸ್ತಕ ಕೊಳ್ಳುವವರು ಮೊದಲು ಹುಡುಕುವುದೇ ಆ ಇಸವಿಯನ್ನು.

ಬುದ್ಧಿ ಬಂದ ಮೇಲೆ ರದ್ದಿ ಅಂಗಡಿಯಿಂದ ತೂಕಕ್ಕೆ ತಂದ ಪುಸ್ತಕಗಳ ಮೇಲೆ ಗುರುತು ಹಾಕುವ ಉಳಿದ ಬಗೆಗಳನ್ನು ಪರೀಕ್ಷಿಸಿದೆ. ಎರಡು ಬೇಸಿಗೆ, ಎರಡು ಮಳೆಗಾಲ ಅವು ಕಬ್ಬಿಣದ ಕಪಾಟಿನಲ್ಲಿದ್ದವು.

ಸ್ಟಿಕರ್ ಮೊದಲ ಮೇ ತಿಂಗಳಲ್ಲೇ ಸೋತಿತು. ಅಂಟು ಕರಗಿ ಅಂಚಿನಿಂದ ಜಿನುಗಿ ಎದುರಿನ ಹಾಳೆಯನ್ನೂ ಹಿಡಿದುಕೊಂಡಿತು. ಬಿಡಿಸಿದರೆ ಕಾಗದದ ಸಿಪ್ಪೆ ಅದರ ಜೊತೆಗೇ ಬಂತು. ಮಸಿಯಿಲ್ಲದೆ ಕಾಗದವನ್ನೇ ಒತ್ತಿ ಹೆಸರು ಉಬ್ಬಿಸುವ ಉಬ್ಬಚ್ಚಿನ ಯಂತ್ರ ನೋಡಲು ಚೆಂದ, ಆದರೆ ಒರಟು ಹಳೆಯ ಕಾಗದ ಅದರ ಒತ್ತಿಗೆ ಬಿರಿಯುತ್ತದೆ. ಪೆನ್ನಿನ ಸಹಿ ಹರಡಿಕೊಂಡಿತು. ಸಹಿಯ ವಿಷಯದಲ್ಲಿ ಇನ್ನೊಂದು ಅನ್ಯಾಯವಿದೆ: 2020ರ ಫೆಬ್ರವರಿಯಲ್ಲಿ ಇಲ್ಲಿ ನಡೆದ 85ನೇ ಸಾಹಿತ್ಯ ಸಮ್ಮೇಳನದಲ್ಲಿ ಲೇಖಕರೊಬ್ಬರು ಹಾಕಿಕೊಟ್ಟ ಸಹಿಯಿಂದ ಪುಸ್ತಕದ ಬೆಲೆ ಏರಿತು, ನನ್ನದರಿಂದ ಇಳಿಯುತ್ತದೆ.

ಉಳಿದದ್ದು ಒಡೆಯರ ಹೆಸರಿಟ್ಟು ರಟ್ಟಿನ ಒಳಬದಿಗೆ ಅಂಟಿಸುವ ಅಚ್ಚಿನ ಚೀಟಿ, ಅಂದರೆ ಬುಕ್‌ಪ್ಲೇಟ್. ಇದರ ಮೇಲೆ ನನಗೆ ಮೋಹ ಹೆಚ್ಚು. ಜರ್ಮನಿಯ ಬುಕ್ಸ್‌ಹೈಮ್ ಮಠಕ್ಕೆ 1480ರ ಸುಮಾರಿನಲ್ಲಿ ದಾನವಾಗಿ ಬಂದ ಪುಸ್ತಕಗಳಲ್ಲಿ, ದೇವದೂತ ಗುರಾಣಿ ಹಿಡಿದ ಮರದಚ್ಚಿನ ಚೀಟಿಗಳಿವೆ. ಇತ್ತ ನಮ್ಮ ಸೀಮೆಯೂ ವಿದ್ಯೆಯಲ್ಲಿ ಹಿಂದಿರಲಿಲ್ಲ: ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ 1472ರಲ್ಲೇ ಎದ್ದು ನಿಂತಿತ್ತು. ಹಾಗಾಗಿ ನನ್ನ ಚೀಟಿಗೆ ಬೀದರಿನದೇ ಆದ ಬಿದರಿ ಹೂಜಿಯ ಬಳ್ಳಿಯನ್ನೇ ಬರೆಸಿದೆ.

ಮೊದಲು ಅಂಟಿಸಿದ್ದು ಒಣಗುತ್ತಲೇ ರಟ್ಟನ್ನು ಹಪ್ಪಳದಂತೆ ಬಾಗಿಸಿತು. ತಪ್ಪು ಕಾಗದದ ನಾರಿನ ದಿಕ್ಕಿನದು. ಕಾಗದ ನೆನೆದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ತುಂಡೊಂದರ ಒಂದು ಬದಿಗೆ ನೀರು ಸವರಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆ ಯಾವ ದಿಕ್ಕಿಗೆ ಮಲಗುತ್ತದೋ ಅದೇ ನಾರು. ಅದು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಂಟು ಕುದಿಸಿದ ಮೈದಾ, ತೆಳ್ಳಗೆ. ರಟ್ಟು ಕಟ್ಟುವವರು ಹುಳು ಬಾರದಂತೆ ಅದಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೆರೆಸುತ್ತಾರೆ. ತಾಮ್ರ ಕಾಗದವನ್ನು ಬೇಗ ಮುಪ್ಪಾಗಿಸುತ್ತದೆಂದು ನಾನು ಬೆರೆಸಲಿಲ್ಲ. ಎರಡನೆಯ ಮಳೆಗಾಲದಲ್ಲಿ ಬೆಳ್ಳಿಹುಳುಗಳು ಒಂದು ಮೂಲೆಯ ಬಳ್ಳಿಯನ್ನು ಮೇಯ್ದವು. ಆದರೂ ಚೀಟಿಗೇ ನನ್ನ ಮತ: ಒದ್ದೆ ಬಟ್ಟೆಯ ತುಂಡನ್ನು ಸ್ವಲ್ಪ ಹೊತ್ತು ಇಟ್ಟರೆ ಗಾಯ ಮಾಡದೆ ಎದ್ದು ಬರುತ್ತದೆ.

ನಿಜವಾಗಿ ಅಪರೂಪದ ಪುಸ್ತಕಕ್ಕೆ ಮಾತ್ರ ಅದೂ ಬೇಡ. ಹಿಂದಿನ ರಟ್ಟಿನ ಒಳಬದಿಯಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯುತ್ತೇನೆ. ಹಿಂದಿನ ಒಡೆಯರ ಗುರುತಿದ್ದರೆ ಕೀಳದೆ ಅದರ ಕೆಳಗೇ ನನ್ನ ಹೆಸರು, ಕೊಂಡ ತಿಂಗಳು. ಊರಿನ ಹೆಸರು ಹಾಕುವುದನ್ನು ಬಿಟ್ಟಿದ್ದೇನೆ.