ಅಂಡರ್‌ಕೌಂಟರ್, ಹುಡ್, ಪಾಟ್ ವಾಷರ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಹೋಟೆಲ್ ಅಡುಗೆಮನೆಗೆ ಪಾತ್ರೆ ತೊಳೆಯುವ ಮೆಷಿನ್ ಹಾಕಿಸಬೇಕು ಅಂತ ಹೊರಟವರು ಮೊದಲು ಕೇಳುವುದು ರೇಟು. ಆಮೇಲೆ, ಗಂಟೆಗೆ ಎಷ್ಟು ತಟ್ಟೆ ಅಂತ. ಈ ಎರಡಕ್ಕೂ ಮುಂಚೆ ಕೇಳಬೇಕಾದ್ದು ಬೇರೆ ಇದೆ. ನಿಮ್ಮಲ್ಲಿ ಬರುವ ನೀರು ಎಂಥದ್ದು? ಮುಸುರೆಯಲ್ಲಿ ತಟ್ಟೆ ಲೋಟ ಜಾಸ್ತಿಯೋ, ಕೊಳಗ ತಪ್ಪಲೆ ಜಾಸ್ತಿಯೋ?

ಬೆಂಗಳೂರಿನ ಒಂದು ದರ್ಶಿನಿಯಲ್ಲಿ ಅಂಡರ್‌ಕೌಂಟರ್ ಮೆಷಿನ್, ತುಮಕೂರು ಕಡೆಯ ಹೆದ್ದಾರಿ ಹೋಟೆಲಿನಲ್ಲಿ ಮೇಲಿಂದ ಮುಚ್ಚಳ ಇಳಿಯುವ ಹುಡ್ ಮೆಷಿನ್, ಒಂದು ಹಾಸ್ಟೆಲ್ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತೊಳೆಯುವ ಪಾಟ್ ವಾಷರ್. ಈ ಮೂರನ್ನೂ ನಾನೇ ನಿಂತು ಹಾಕಿಸಿ ಓಡಿಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಸಸ್ಯಾಹಾರಿ ಹೋಟೆಲಿಗೆ ಹುಡ್ ಮೆಷಿನ್ನೇ ಸರಿ. ಆದರೆ ಅದಕ್ಕೆ ಕೊಡುವ ನೀರನ್ನು ಮೊದಲು ಸರಿ ಮಾಡಿಕೊಳ್ಳಬೇಕು.

ಅಂಡರ್‌ಕೌಂಟರ್ ಅಂದರೆ ಮುಂದಿನ ಬಾಗಿಲು ಕೆಳಕ್ಕೆ ತೆರೆದು, ತಟ್ಟೆ ಲೋಟ ಜೋಡಿಸಿದ ರ್ಯಾಕ್ ಒಳಗೆ ತಳ್ಳುವ ಚಿಕ್ಕ ಮೆಷಿನ್. ಜಾಗ ಕಡಿಮೆ ಸಾಕು. ಕೆಲವು ಮಾಡೆಲ್‌ಗಳು ಸಿಂಗಲ್ ಫೇಸ್‌ನಲ್ಲೇ ಓಡುತ್ತವೆ. ಕಾಫಿ ಅಂಗಡಿಗೆ, ಚಿಕ್ಕ ಬೇಕರಿಗೆ ಚೆನ್ನಾಗಿ ಒಗ್ಗುತ್ತದೆ. ದರ್ಶಿನಿಯಲ್ಲಿ ಬೆಳಗ್ಗೆ ಎಂಟರಿಂದ ಹತ್ತರವರೆಗಿನ ರಶ್ ಬಂದಾಗ ಅದರ ಮಿತಿ ಗೊತ್ತಾಗುತ್ತದೆ. ಪ್ರತಿ ಸಲವೂ ಬಗ್ಗಬೇಕು, ತುಂಬಿದ ರ್ಯಾಕ್ ಎತ್ತಬೇಕು. ತೊಳೆಯುವವರಿಗೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿಯುತ್ತದೆ. ದೊಡ್ಡ ಊಟದ ತಟ್ಟೆ ನಿಲ್ಲಿಸಿದರೆ ಮೇಲೆ ನೀರು ಚಿಮ್ಮುತ್ತಾ ತಿರುಗುವ ಕೈಗೆ ತಾಗುತ್ತದೆ. ಓರೆ ಮಾಡಿ ಇಟ್ಟರೆ ರ್ಯಾಕಿಗೆ ಹಿಡಿಸುವುದೇ ಕೆಲವು. ಕೊಳ್ಳುವ ಮುಂಚೆ ನಿಮ್ಮ ಅತಿ ದೊಡ್ಡ ತಟ್ಟೆಯನ್ನು ಜೊತೆಗೆ ಒಯ್ದು ಒಳಗಿಟ್ಟು ನೋಡಿ.

ಹುಡ್ ಮೆಷಿನ್‌ನಲ್ಲಿ ಬಗ್ಗುವ ಕೆಲಸ ಇಲ್ಲ. ಎಡಕ್ಕೊಂದು ಮೇಜು, ಬಲಕ್ಕೊಂದು ಮೇಜು, ನಡುವೆ ಮೆಷಿನ್. ಎಂಜಲು ಬಳಿದು, ಮೇಲಿಂದ ತೂಗುವ ಸ್ಪ್ರೇಯಲ್ಲಿ ಒಮ್ಮೆ ನೀರು ಹೊಡೆದು, ಸೊಂಟದ ಎತ್ತರದಲ್ಲೇ ರ್ಯಾಕ್ ಜಾರಿಸುವುದು. ಹುಡ್ ಕೆಳಗೆಳೆದರೆ ತಾನೇ ಶುರುವಾಗುತ್ತದೆ. ರ್ಯಾಕ್ ಎರಡೂ ಮೆಷಿನ್‌ಗೆ ಒಂದೇ ಅಳತೆ, 500 ಮಿಲಿಮೀಟರ್ ಚೌಕ. ಕೆಲಸದ ಓಟ ಮಾತ್ರ ಬೇರೆಯೇ. ಮುಸುರೆ ಪಾತ್ರೆ ಒಂದು ಕಡೆ, ತೊಳೆದದ್ದು ಇನ್ನೊಂದು ಕಡೆ, ಎರಡೂ ಬೆರೆಯುವುದಿಲ್ಲ. ಮೇಜುಗಳಿಗೆ ಜಾಗ ಬಿಡದೆ ಮೂಲೆಯಲ್ಲಿ ಮೆಷಿನ್ ತುರುಕಿದ ಅಡುಗೆಮನೆಗಳನ್ನು ನೋಡಿದ್ದೇನೆ. ಅಲ್ಲಿ ಹುಡ್ ಮೆಷಿನ್ ಕೊಂಡ ದುಡ್ಡು ವ್ಯರ್ಥ.

ಬ್ರೋಷರ್‌ನಲ್ಲಿ ಗಂಟೆಗೆ 60 ರ್ಯಾಕ್ ಅಂತ ಬರೆದಿರುತ್ತಾರೆ. ಇದರ ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ. ಕೊನೆಯ ಸಲ ತೊಳೆಯುವ ನೀರು, ಅಂದರೆ ರಿನ್ಸ್ ನೀರು, ಸುಮಾರು 82 ಡಿಗ್ರಿ ಇರಬೇಕು. ಒಂದು ರ್ಯಾಕಿಗೆ 3 ಲೀಟರ್ ಅಂದುಕೊಳ್ಳಿ. 25 ಡಿಗ್ರಿಯ ತಣ್ಣೀರನ್ನು 82ಕ್ಕೆ ಏರಿಸಲು 6 ಕಿಲೋವ್ಯಾಟ್ ಹೀಟರ್‌ಗೆ ಎರಡು ನಿಮಿಷ ಬೇಕು. ಅಂದರೆ ಗಂಟೆಗೆ 30 ರ್ಯಾಕ್. ನೀರು ಬಿಸಿಯಾಗುವವರೆಗೆ ಒಳ್ಳೆಯ ಮೆಷಿನ್ ತಾನೇ ತಡೆದು ನಿಲ್ಲುತ್ತದೆ. ಅಗ್ಗದ್ದು ಅರೆಬಿಸಿ ನೀರಲ್ಲೇ ಮುಗಿಸಿಬಿಡುತ್ತದೆ. ಹೆದ್ದಾರಿ ಹೋಟೆಲಿನಲ್ಲಿ ಮಾಡಿನ ಮೇಲೆ ಸೋಲಾರ್ ಇತ್ತು. 55 ಡಿಗ್ರಿ ನೀರನ್ನೇ ಮೆಷಿನ್‌ಗೆ ಕೊಟ್ಟೆವು. ಅದೇ ಹೀಟರ್‌ಗೆ ಒಂದು ನಿಮಿಷಕ್ಕಿಂತ ಕಡಿಮೆ ಸಾಕಾಯಿತು. ವೇಗವೂ ಬಂತು, ಕರೆಂಟೂ ಉಳಿಯಿತು. ಬಿಸಿನೀರಿನ ಜೋಡಣೆಗೆ ಎಲ್ಲ ಮಾಡೆಲ್ ಒಪ್ಪುವುದಿಲ್ಲ. ಮೊದಲೇ ಕೇಳಿಕೊಳ್ಳಿ.

82 ಡಿಗ್ರಿಯ ಹಟ ಯಾಕೆ ಅಂದರೆ, ಆ ಬಿಸಿಗೆ ಸ್ಟೀಲ್ ತಟ್ಟೆ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ತಾನೇ ಒಣಗುತ್ತದೆ. ಬಟ್ಟೆಯಲ್ಲಿ ಒರೆಸುವ ಕೆಲಸವೇ ಇಲ್ಲ. ಒಂದೇ ಒದ್ದೆ ಬಟ್ಟೆಯಲ್ಲಿ ನೂರಾರು ತಟ್ಟೆ ಒರೆಸಿದರೆ ತೊಳೆದೂ ಏನು ಬಂತು, ಅಲ್ವಾ? ಕೈಯಲ್ಲಿ ತೊಳೆಯುವುದಕ್ಕೂ ಮೆಷಿನ್‌ಗೂ ಇರುವ ದೊಡ್ಡ ವ್ಯತ್ಯಾಸ ನನ್ನ ಕಣ್ಣಿಗೆ ಇದೇ. ಅಷ್ಟು ಬಿಸಿ ನೀರಿಗೆ ಯಾರೂ ಕೈ ಹಾಕಲಾರರು.

ಕಾಫಿ ಲೋಟ ಮಾತ್ರ ಎರಡೂ ಮೆಷಿನ್‌ಗೆ ತಲೆನೋವು. ಬೋರಲು ಹಾಕಿದಾಗ ತಳದ ಕುಳಿಯಲ್ಲಿ ನೀರು ನಿಲ್ಲುತ್ತದೆ. ಹಗುರ ಲೋಟವಾದರೆ ನೀರಿನ ರಭಸಕ್ಕೆ ಮಗುಚಿಕೊಳ್ಳುತ್ತದೆ. ಒಂದೊಂದು ಲೋಟಕ್ಕೂ ಬೇರೆ ಮನೆ ಇರುವ ರ್ಯಾಕ್ ತೆಗೆದುಕೊಂಡು, ಸ್ವಲ್ಪ ಓರೆಯಾಗಿ ನಿಲ್ಲಿಸಿ, ಮೇಲೆ ಒಂದು ಜಾಲರಿ ಮುಚ್ಚಿದರೆ ಸರಿಹೋಗುತ್ತದೆ. ಲೋಟ ಬಟ್ಟಲಿಗೆ ಬೇಕಾದ ರ್ಯಾಕನ್ನು ಆರ್ಡರ್‌ನಲ್ಲೇ ಬರೆಸಿ. ಮೆಷಿನ್ ಜೊತೆ ಬರುವ ಎರಡು ರ್ಯಾಕ್ ಎಲ್ಲಿಗೂ ಸಾಲುವುದಿಲ್ಲ.

ಈಗ ನೀರಿನ ವಿಷಯ. ದರ್ಶಿನಿಗೆ ಕಾವೇರಿ ನೀರು ಬರುತ್ತಿತ್ತು. ಹೆಚ್ಚು ತೊಂದರೆ ಇರಲಿಲ್ಲ. ಹೆದ್ದಾರಿ ಹೋಟೆಲಿನದ್ದು ಬೋರ್‌ವೆಲ್ ನೀರು, ತುಂಬಾ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಕುಡಿಯಲು ನಡೆಯುವ ನೀರು ಹೀಟರ್‌ಗೆ ನಡೆಯುವುದಿಲ್ಲ. ನೀರು ಕಾದಂತೆಲ್ಲ ಸುಣ್ಣ ಹೀಟರ್ ಮೇಲೆ ಕಟ್ಟುತ್ತದೆ. ಆ ಪದರದ ಒಳಗೆ ಹೀಟರ್ ತಾನೇ ಬೆಂದು ಸುಟ್ಟುಹೋಗುತ್ತದೆ. ರಿನ್ಸ್ ತೂತುಗಳು ಕಟ್ಟಿಕೊಳ್ಳುತ್ತವೆ, ತಟ್ಟೆ ಬೆಳ್ಳಗೆ ಮಂಕಾಗುತ್ತದೆ, ಸೋಪು ಹೆಚ್ಚು ಖರ್ಚಾಗುತ್ತದೆ. ಆಗ ಎಲ್ಲರೂ ಬೈಯುವುದು ಮೆಷಿನ್‌ಗೆ.

ಅದಕ್ಕೇ ನೀರಿನ ಗಡಸು ತೆಗೆಯುವ ಸಾಫ್ಟ್ನರ್ ಇಲ್ಲದೆ ಬೋರ್ ನೀರಿನ ಊರಲ್ಲಿ ಮೆಷಿನ್ ಹಾಕಿಸಲೇಬೇಡಿ. ಅದರೊಳಗಿನ ರಾಳದ ಮಣಿಗಳು ಸುಣ್ಣದ ಅಂಶ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜು ಮಾಡಬೇಕು. ಉಪ್ಪು ತಪ್ಪಿದರೆ ಸಾಫ್ಟ್ನರ್ ಇದ್ದೂ ಇಲ್ಲದ ಹಾಗೆ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಂದು ಇಟ್ಟುಕೊಂಡು ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು. ಒತ್ತಡವನ್ನೂ ನೋಡಬೇಕು. ಸಾಮಾನ್ಯವಾಗಿ 2 ಬಾರ್ ಕೇಳುತ್ತಾರೆ. ಮಾಡಿನ ಟ್ಯಾಂಕಿನಿಂದ ಮೀಟರಿಗೆ 0.1 ಬಾರ್ ಅಷ್ಟೇ ಸಿಗುವುದು. ಮೆಷಿನ್‌ನಲ್ಲೇ ರಿನ್ಸ್ ಪಂಪ್ ಇಲ್ಲದಿದ್ದರೆ ಬೂಸ್ಟರ್ ಪಂಪ್ ಬೇಕೇ ಬೇಕು.

ಹುಡ್ ಮೆಷಿನ್‌ಗೆ ತ್ರೀ ಫೇಸ್ ಲೈನ್, ಒಳ್ಳೆಯ ಅರ್ಥಿಂಗ್, ಪ್ರತ್ಯೇಕ ಬ್ರೇಕರ್ ಬೇಕು. ಎಸ್ಕಾಂನಿಂದ ಮಂಜೂರಾದ ಲೋಡ್ ಸಾಲುತ್ತದೋ ಇಲ್ಲವೋ ಮೊದಲೇ ನೋಡಿ. ಕರೆಂಟ್ ಹೋದಾಗ ಜನರೇಟರ್ ಇದನ್ನೂ ಎಳೆಯಬೇಕು ಅನ್ನುವುದು ಮರೆಯಬೇಡಿ. ಹುಡ್ ಎತ್ತಿದಾಗಲೆಲ್ಲ ಹಬೆ ಏಳುತ್ತದೆ. ಮೇಲೆ ಎಕ್ಸಾಸ್ಟ್ ಇರಲಿ. ಹೊರಹೋಗುವ ನೀರೂ ಬಿಸಿಯೇ. ಸಾಮಾನ್ಯ ಪಿವಿಸಿ ಪೈಪ್ ಕ್ರಮೇಣ ಬಾಗುತ್ತದೆ. ಬಿಸಿ ತಾಳುವ ಪೈಪ್ ಹಾಕಿಸಿ.

ಇನ್ನು ಪಾಟ್ ವಾಷರ್. ಒಳಗೆ ಜಾಗ ಎತ್ತರ, ಪಂಪ್ ಜೋರು, ಒಂದು ಸುತ್ತಿಗೆ ಹೆಚ್ಚು ನಿಮಿಷ. ಹಾಸ್ಟೆಲಿನಲ್ಲಿ ಬಡಿಸುವ ಟ್ರೇ, ಮುಚ್ಚಳ, ಬಕೆಟ್ಟು, ಸೌಟು ಇವನ್ನೆಲ್ಲ ಚೆನ್ನಾಗಿ ತೊಳೆಯಿತು. ಬೇಕರಿ ಟ್ರೇ ಜಾಸ್ತಿ ಇರುವವರಿಗೂ ಒಳ್ಳೆಯದು. ಸಾರಿನ ದೊಡ್ಡ ಕೊಳಗ ಒಳಗೆ ಹಿಡಿಯುವುದೇ ಇಲ್ಲ. ತಳ ಹಿಡಿದ ಅನ್ನ, ಹಾಲಿನ ಕೆನೆ ಕಟ್ಟಿದ ತಪ್ಪಲೆಗೆ ನೀರಿನ ರಭಸ ಸಾಲುವುದಿಲ್ಲ. ಅವನ್ನು ನೆನೆಹಾಕಿ ನಾರಿನಲ್ಲೇ ಉಜ್ಜಬೇಕು. ಬರೀ ಕೊಳಗಗಳಿಗಾಗಿ ಈ ಮೆಷಿನ್ ಕೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅದೇ ದುಡ್ಡಲ್ಲಿ ಆಳವಾದ ಎರಡು ಸಿಂಕ್, ಬಿಸಿನೀರಿನ ನಲ್ಲಿ, ಒಳ್ಳೆಯ ಕೈಗವಸು ಕೊಡಿಸಬಹುದು.

ಅಲ್ಯೂಮಿನಿಯಂ ಪಾತ್ರೆಯನ್ನು ಮೂರರಲ್ಲಿ ಯಾವುದಕ್ಕೂ ಹಾಕಬೇಡಿ. ಮೆಷಿನ್ ಸೋಪು ಸಾಮಾನ್ಯವಾಗಿ ಕಾಸ್ಟಿಕ್‌ನದ್ದು. ಹೊಳೆಯುವ ಇಡ್ಲಿ ತಟ್ಟೆ ಕಪ್ಪಾಗುತ್ತದೆ, ಲೋಹವೂ ಸವೆಯುತ್ತದೆ. ಅಲ್ಯೂಮಿನಿಯಂಗೆಂದೇ ಸೋಪು ಸಿಗುತ್ತದೆ. ಆದರೆ ಎರಡೆರಡು ಸೋಪು ಬದಲಾಯಿಸುತ್ತಾ ಕೂರಲು ರಶ್ ಹೊತ್ತಲ್ಲಿ ಯಾರಿಗೆ ಪುರುಸೊತ್ತು? ಇಡ್ಲಿ ತಟ್ಟೆಯನ್ನೇ ಸ್ಟೀಲ್‌ಗೆ ಬದಲಾಯಿಸುವುದು ಸುಲಭ. ಹಿಟ್ಟಿನ ಪಾತ್ರೆಗೆ ಮೊದಲು ತಣ್ಣೀರು ಹೊಡೆಯಿರಿ. ನೇರ ಬಿಸಿಗೆ ಹೋದರೆ ಹಿಟ್ಟು ಬೆಂದು ಅಂಟಿಕೊಳ್ಳುತ್ತದೆ.

ನಿರ್ವಹಣೆ ಅಂದರೆ ಸರ್ವಿಸ್‌ನವರು ಬಂದು ಮಾಡುವುದು ಅಂತ ಹಲವರು ತಿಳಿದಿದ್ದಾರೆ. ಮುಕ್ಕಾಲು ಪಾಲು ದಿನದ ಕೊನೆಯ ಕಾಲು ಗಂಟೆಯಲ್ಲಿ ನಮ್ಮವರೇ ಮಾಡುವಂಥದ್ದು. ನಮ್ಮ ಅಡುಗೆಯಲ್ಲಿ ಸಾಸಿವೆ, ಕರಿಬೇವು ತಪ್ಪುವುದಿಲ್ಲ. ಮೆಷಿನ್ ಒಳಗೆ ಕಸ ತಡೆಯುವ ಜಾಲರಿ ಸ್ವಲ್ಪ ಓರೆಯಾಗಿ ಕೂತಿದ್ದರೆ ಸಾಸಿವೆ ಕಾಳು ಸೀದಾ ಹೋಗಿ ತಿರುಗುವ ಕೈಯ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ರ್ಯಾಕಿನ ಒಂದೇ ಮೂಲೆಯ ತಟ್ಟೆ ಜಿಡ್ಡಾಗಿ ಬರುತ್ತಿದ್ದರೆ ಮೊದಲು ಅಲ್ಲಿ ನೋಡಿ. ಪ್ರತಿ ಊಟದ ಹೊತ್ತು ಮುಗಿದ ಮೇಲೆ ಮೆಷಿನ್ ಒಳಗಿನ ಟ್ಯಾಂಕಿನ ನೀರು ಬದಲಿಸಬೇಕು. ರಾತ್ರಿ ಪೂರ್ತಿ ಖಾಲಿ ಮಾಡಿ, ಜಾಲರಿ ಮತ್ತು ಕೈ ಬಿಚ್ಚಿ ತೊಳೆದು, ಹುಡ್ ತೆರೆದೇ ಬಿಡಬೇಕು. ಮುಚ್ಚಿದರೆ ಬೆಳಗ್ಗೆ ಕೆಟ್ಟ ವಾಸನೆ. ಟ್ಯಾಂಕ್ ತುಂಬದೆ ಹೀಟರ್ ಹಚ್ಚಬಾರದು. ಸೋಪು ಎಳೆಯುವ ಚಿಕ್ಕ ರಬ್ಬರ್ ಕೊಳವೆ ಸವೆದರೆ ಸೋಪು ಬರುವುದು ನಿಲ್ಲುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಡಬ್ಬದ ಮಟ್ಟ ಇಳಿಯುತ್ತಿದೆಯಾ ಅಂತ ದಿನಾ ನೋಡಿ.

ಸುಣ್ಣ ಕಟ್ಟಿದ್ದನ್ನು ತೆಗೆಯುವ ಆಸಿಡ್ ಹಾಕುವಾಗ ಎಚ್ಚರ. ಕ್ಲೋರಿನ್ ಇರುವ ಸೋಪಿನ ಜೊತೆ ಅದು ಸೇರಿದರೆ ವಿಷಗಾಳಿ ಏಳುತ್ತದೆ. ಸೋಪಿನ ಕೊಳವೆ ಡಬ್ಬದಿಂದ ಹೊರತೆಗೆದು, ಟ್ಯಾಂಕನ್ನು ಬರೀ ನೀರಲ್ಲಿ ತೊಳೆದ ಮೇಲೆಯೇ ಆಸಿಡ್ ಹಾಕಬೇಕು. ಇದನ್ನು ತೊಳೆಯುವವರಿಗೆ ಅವರ ಭಾಷೆಯಲ್ಲೇ ಹೇಳಿಕೊಡಿ, ಗೋಡೆಗೆ ಬರೆದು ಅಂಟಿಸಿ. ಮುಸುರೆ ಕೆಲಸಕ್ಕೆ ಬರುವವರನ್ನು ಮೆಷಿನ್ ಬಂತು ಅಂತ ಬಿಡಿಸಬೇಡಿ. ದಿನವಿಡೀ ನೀರಲ್ಲಿ ನೆಂದು ಬೆರಳ ಸಂದು ಬಿರಿದ ಕೈಗಳಿಗೆ ಮೆಷಿನ್‌ನಿಂದ ಬಿಡುವು ಸಿಗಬೇಕು. ತಟ್ಟೆ ಮೆಷಿನ್‌ಗೆ ಹೋದರೂ ಕೊಳಗ ಉಜ್ಜಲು, ರ್ಯಾಕ್ ಜೋಡಿಸಲು, ಜಾಲರಿ ತೊಳೆಯಲು ಅವರೇ ಬೇಕು. ಮೆಷಿನ್ ಶಬ್ದ ಬದಲಾದದ್ದು ಮೊದಲು ಗೊತ್ತಾಗುವುದೂ ಅವರಿಗೇ.

ಕೊಳ್ಳುವಾಗ ಕೊನೆಯದಾಗಿ ಒಂದು ಕೇಳಿ. ಹೀಟರ್, ಪಂಪ್ ಸೀಲ್, ಥರ್ಮೋಸ್ಟಾಟ್, ಹುಡ್ ಸ್ಪ್ರಿಂಗ್ ಇವು ನಾಲ್ಕು ನಿಮ್ಮ ಊರಿಗೆ ಎಷ್ಟು ದಿನದಲ್ಲಿ ತಲುಪುತ್ತವೆ? ಬರಹದಲ್ಲಿ ಉತ್ತರ ಕೊಡದವರ ಹತ್ತಿರ ಎಷ್ಟೇ ಕಡಿಮೆ ರೇಟಿದ್ದರೂ ನಾನು ಕೊಳ್ಳುವುದಿಲ್ಲ.